ಸತ್ತ ಮೇಲೆ ಪಂಗಡ ಸೇರಿದವರು

ತಜಿಕಿಸ್ತಾನದ 20 ಸೊಮೊನಿ ನೋಟಿನ ಮೇಲಿರುವುದು ಇಬ್ನ್ ಸೀನಾನ ಮುಖ. ಇರಾನ್ ಅವನ ಹುಟ್ಟುಹಬ್ಬವನ್ನು ಪ್ರತಿ ಆಗಸ್ಟ್‌ನಲ್ಲಿ ವೈದ್ಯರ ದಿನವೆಂದು ಆಚರಿಸುತ್ತದೆ. ಅವನು ಹುಟ್ಟಿದ ಅಫ್ಶನಾ ಎಂಬ ಹಳ್ಳಿ ಬುಖಾರಾದ ಪಕ್ಕದ್ದು, ಅಂದರೆ ಇಂದಿನ ಉಜ್ಬೇಕಿಸ್ತಾನದ್ದು. ಆದ್ದರಿಂದ ಉಜ್ಬೇಕರೂ ತಮ್ಮ ಪಾಲು ಬಿಡುವವರಲ್ಲ. ಸಾವಿರ ವರ್ಷದ ಹಿಂದೆ ತೀರಿಕೊಂಡ ವೈದ್ಯ, ದಾರ್ಶನಿಕನೊಬ್ಬನ ಮೇಲೆ ಮೂರು ದೇಶಗಳು ಹಕ್ಕು ಹೂಡಿರುವುದು ನೋಡಲು ತಮಾಷೆಯಾಗಿಯೇ ಇದೆ. ಆದರೆ ಇದಕ್ಕಿಂತ ಹಳೆಯದಾದ, ಇದಕ್ಕಿಂತ ಕಹಿಯಾದ ಇನ್ನೊಂದು ವ್ಯಾಜ್ಯವಿದೆ. ಅವನು ಸುನ್ನಿಯೋ, ಶಿಯಾನೋ?

ಇರಾನ್ ಮತ್ತು ಸೌದಿ ಅರೇಬಿಯಾದ ಪೈಪೋಟಿ, ಇರಾಕ್ ಮತ್ತು ಸಿರಿಯಾದಲ್ಲಿ ಹರಿದ ರಕ್ತ ಈ ಹಳೆಯ ವ್ಯಾಜ್ಯಕ್ಕೆ ಹೊಸ ಕಾವು ಕೊಟ್ಟಿವೆ. ಫಾರಾಬಿ, ಇಬ್ನ್ ಸೀನಾ, ನಸೀರುದ್ದೀನ್ ತೂಸಿ ಎಂಬ ಹಳೆಯ ದಾರ್ಶನಿಕರನ್ನು ಮೊಬೈಲಿನಲ್ಲಿ ಹುಡುಕಿದವನಿಗೆ ಅವರ ತರ್ಕಕ್ಕಿಂತ ಮೊದಲು ಅವರ ಪಂಗಡದ ಜಗಳ ಎದುರಾಗುತ್ತದೆ. ಒಂದು ಕಡೆಯವರು ‘ಇಸ್ಲಾಮಿನ ತತ್ತ್ವಜ್ಞಾನವೆಲ್ಲ ನಮ್ಮ ಮನೆಯ ಸೊತ್ತು’ ಎನ್ನುತ್ತಾರೆ. ಇನ್ನೊಂದು ಕಡೆಯ ಕಟ್ಟುನಿಟ್ಟಿನವರು ‘ಹೌದು, ನೀವೇ ಇಟ್ಟುಕೊಳ್ಳಿ, ಇವರೆಲ್ಲ ದಾರಿತಪ್ಪಿದವರು’ ಎನ್ನುತ್ತಾರೆ. ಇಂಥ ವಿಚಾರದಲ್ಲಿ ‘ಅವರೆಲ್ಲ ಪಂಗಡಗಳನ್ನು ಮೀರಿದವರು’ ಎಂದು ಕೈತೊಳೆದುಕೊಳ್ಳುವ ಮೂರನೆಯ ದಾರಿಯೂ ಉಂಟು. ಅದು ಕೇಳಲು ಹಿತ, ಆದರೆ ಅರ್ಧ ಸುಳ್ಳು. ಕೆಲವರು ಯಾವ ಪಂಗಡದವರೆಂದು ನಾವು ಹೇಳಬಲ್ಲೆವು, ಕೆಲವರದು ಹೇಳಲಾರೆವು. ಹೇಳಬಲ್ಲವರ ವಿಷಯದಲ್ಲಿಯೂ ಪಂಗಡವೆಂದರೆ ಆಗ ಏನಾಗಿತ್ತು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ಇಬ್ನ್ ಸೀನಾ (980–1037) ತನ್ನ ಬಾಲ್ಯದ ಕಥೆಯನ್ನು ಶಿಷ್ಯ ಜುಜ್ಜಾನಿಗೆ ತಾನೇ ಹೇಳಿದ್ದಾನೆ. ತಂದೆ ‘ಈಜಿಪ್ಟಿನವರ’ ಪ್ರಚಾರಕನ ಕರೆಗೆ ಓಗೊಟ್ಟವನು, ಇಸ್ಮಾಯಿಲಿಗಳಲ್ಲಿ ಒಬ್ಬನೆಂದು ಹೆಸರಾದವನು. ಈಜಿಪ್ಟಿನವರೆಂದರೆ ಕೈರೋದಲ್ಲಿ ಆಳುತ್ತಿದ್ದ ಫಾತಿಮಿ ಖಲೀಫರು, ಶಿಯಾಗಳಲ್ಲೇ ಒಂದು ಕವಲಾದ ಇಸ್ಮಾಯಿಲಿಗಳ ಇಮಾಮರು. ಮನೆಯಲ್ಲಿ ತಂದೆಯೂ ಸಹೋದರನೂ ಆತ್ಮ, ಬುದ್ಧಿ ಇವುಗಳ ಬಗ್ಗೆ ಆ ಪಂಥದವರ ಧಾಟಿಯಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಹುಡುಗ ಕೇಳಿಸಿಕೊಳ್ಳುತ್ತಿದ್ದ, ಅವನಿಗೆ ಅರ್ಥವೂ ಆಗುತ್ತಿತ್ತು, ಆದರೆ ಮನಸ್ಸು ಒಪ್ಪುತ್ತಿರಲಿಲ್ಲ. ಅವರು ಇವನನ್ನೂ ಕರೆಯತೊಡಗಿದರು. ಅದೇ ಮನೆಯ ಮಾತಿನಲ್ಲಿ ರೇಖಾಗಣಿತವೂ ‘ಹಿಂದ್‌ನ ಲೆಕ್ಕ’ವೂ ಬರುತ್ತಿದ್ದವು. ಹಿಂದ್‌ನ ಲೆಕ್ಕವೆಂದರೆ ನಮ್ಮ ಕಡೆಯಿಂದ ಹೋದ ಅಂಕಿಗಳ ಗಣಿತ. ಅದನ್ನು ಕಲಿಯಲು ತಂದೆ ಮಗನನ್ನು ಕಳಿಸಿದ್ದು ಒಬ್ಬ ತರಕಾರಿ ಮಾರುವವನ ಬಳಿಗೆ. ಇಸ್ಲಾಮೀ ಜಗತ್ತಿನ ಅತಿ ದೊಡ್ಡ ತಾರ್ಕಿಕನಾಗಲಿದ್ದವನು ಬುಖಾರಾದ ಬೀದಿಯಲ್ಲಿ ಬದನೆಯೋ ಈರುಳ್ಳಿಯೋ ತೂಗುವವನ ಪಕ್ಕ ಕುಳಿತು ಲೆಕ್ಕ ಕಲಿಯುತ್ತಿದ್ದನೆಂಬುದು ನನಗಂತೂ ಪಂಗಡದ ಪ್ರಶ್ನೆಗಿಂತ ರುಚಿಯಾದ ಸಂಗತಿ.

ಬುಖಾರಾದಲ್ಲಿ ಆಗ ಇಸ್ಮಾಯಿಲಿಯಾಗಿರುವುದು ಹುಡುಗಾಟವಲ್ಲ. ಇಬ್ನ್ ಸೀನಾ ಹುಟ್ಟುವುದಕ್ಕೆ 37 ವರ್ಷ ಮೊದಲು, 943ರಲ್ಲಿ, ನಸಫಿ ಎಂಬ ಇಸ್ಮಾಯಿಲಿ ಪ್ರಚಾರಕನನ್ನು ಅದೇ ಊರಿನಲ್ಲಿ ಕೊಂದಿದ್ದರು. ಅವನು ಗ್ರೀಕ್ ತತ್ತ್ವಜ್ಞಾನವನ್ನು ಇಸ್ಮಾಯಿಲಿ ಮತಕ್ಕೆ ಬೆಸೆದವರಲ್ಲಿ ಮೊದಲಿಗ. ಆತ್ಮ, ಬುದ್ಧಿ ಎಂಬ ಶಬ್ದಗಳು ಆ ಮನೆಯಲ್ಲಿ ಕೇಳಿಬರುತ್ತಿದ್ದುದು ಈ ಪರಂಪರೆಯಿಂದ.

ಈ ಆತ್ಮಕಥನದ ಸಾಲಿಗೆ ಮುಂದೆ ಆದ ಗತಿ ನೋಡಬೇಕು. ಮೂರು ಶತಮಾನಗಳ ಬಳಿಕ ದಮಾಸ್ಕಸ್‌ನ ಸುನ್ನಿ ಪಂಡಿತ ಇಬ್ನ್ ತೈಮಿಯಾ (1263–1328) ಇದನ್ನೇ ಎತ್ತಿ ತೋರಿಸಿ, ಇಡೀ ಕುಟುಂಬವೇ ಗುಪ್ತಪಂಥದ್ದು, ಇವನ ತತ್ತ್ವಜ್ಞಾನ ಆ ಬೇರಿನಿಂದ ಚಿಗುರಿದ್ದು ಎಂದ. ಶಿಯಾ ಕಡೆಯವರು ಇದನ್ನೇ ತೋರಿಸಿ, ಶಿಯಾ ಮನೆಯ ಕೂಸು ಎಂದರು. ಸಾಲಿನ ಮೊದಲರ್ಧವನ್ನು ಇಬ್ಬರೂ ಹಿಡಿದುಕೊಂಡರು. ‘ನನ್ನ ಮನಸ್ಸು ಒಪ್ಪುತ್ತಿರಲಿಲ್ಲ’ ಎಂಬ ಉಳಿದರ್ಧ ಯಾರಿಗೂ ಬೇಕಾಗಲಿಲ್ಲ. ಅದರ ಬೆನ್ನಿಗೇ ಅವನು ಹೇಳುವ ಇನ್ನೊಂದು ಮಾತೂ ಬೇಕಾಗಲಿಲ್ಲ: ಆ ದಿನಗಳಲ್ಲಿ ತಾನು ಇಸ್ಮಾಯಿಲ್ ಅಲ್-ಜಾಹಿದ್ ಎಂಬ ಗುರುವಿನ ಹತ್ತಿರ ಧರ್ಮಶಾಸ್ತ್ರ ಕಲಿಯುತ್ತಿದ್ದೆ ಎಂದು. ಆ ಗುರು ಹನಫಿ, ಅಂದರೆ ಸುನ್ನಿಗಳ ನಾಲ್ಕು ನ್ಯಾಯಪಂಥಗಳಲ್ಲಿ ಒಂದಕ್ಕೆ ಸೇರಿದವನು. ಬುಖಾರಾ ಊರಿಗೆ ಊರೇ ಹನಫಿ. ಮುಂದೆ ಗುರ್ಗಂಜ್‌ನ ಆಸ್ಥಾನಕ್ಕೆ ಹೋದಾಗ ತಾನು ಧರ್ಮಶಾಸ್ತ್ರಜ್ಞರ ಉಡುಪಿನಲ್ಲಿದ್ದೆ, ತಲೆಯ ಮೇಲಿನ ಶಾಲು, ಗದ್ದದ ಕೆಳಗೆ ಸುತ್ತಿದ ಬಟ್ಟೆ ಸಮೇತ, ಎಂದು ಅವನು ನೆನೆಯುತ್ತಾನೆ. ವೈದ್ಯನೆಂದು ನಾವು ತಿಳಿದವನು ತನ್ನ ಮೊದಲ ಸಂಬಳಗಳಲ್ಲಿ ಒಂದನ್ನು ಪಡೆದದ್ದು ಶಾಸ್ತ್ರಿಯ ವೇಷದಲ್ಲಿ. 1980ರ ದಶಕದಲ್ಲಿ ದಿಮಿತ್ರಿ ಗುತಾಸ್ ಎಂಬ ವಿದ್ವಾಂಸ ಈ ತುಣುಕುಗಳನ್ನೆಲ್ಲ ಸೇರಿಸಿ, ಇಬ್ನ್ ಸೀನಾ ಕಲಿತದ್ದೂ ನಡೆದದ್ದೂ ಹನಫಿಯಾಗಿ ಎಂದು ವಾದಿಸಿದರು. ನನಗೂ ಅದೇ ಸರಿಯೆನಿಸುತ್ತದೆ.

ಆದರೆ ಹನಫಿ ಎಂದಮಾತ್ರಕ್ಕೆ ಏನು ಹೇಳಿದಂತಾಯಿತು? ಇಲ್ಲಿಯೇ ಇಂದಿನ ಜಗಳ ಎಡವುವುದು. ಆ ಕಾಲದ ಮುಸ್ಲಿಮನೊಬ್ಬನ ಗುರುತು ಒಂದೇ ಪೆಟ್ಟಿಗೆಯಲ್ಲಿ ತುಂಬುವಂಥದ್ದಲ್ಲ. ನಮಾಜು ಹೇಗೆ, ಮದುವೆ ಹೇಗೆ, ಆಸ್ತಿ ಪಾಲು ಹೇಗೆ ಎಂಬುದನ್ನು ಹೇಳುವುದು ನ್ಯಾಯಪಂಥ. ದೇವರ ಗುಣಗಳೇನು, ಮನುಷ್ಯನಿಗೆ ಸ್ವಾತಂತ್ರ್ಯ ಉಂಟೇ ಎಂಬುದನ್ನು ವಾದಿಸುವುದು ಕಲಾಮ್ ಎಂಬ ಮತಮೀಮಾಂಸೆ. ಅಲ್ಲಿ ಮುತಜಿಲಿ, ಅಶ್ಅರಿ, ಮಾತುರೀದಿ ಎಂಬ ಬೇರೆಯೇ ಗುಂಪುಗಳು. ಪ್ರವಾದಿಯ ನಂತರ ನಾಯಕತ್ವ ಯಾರದು, ಅವರ ಅಳಿಯ ಅಲಿಯದೋ, ಸಮುದಾಯ ಒಪ್ಪಿದವರದೋ ಎಂಬುದು ಮೂರನೆಯ ಪ್ರಶ್ನೆ. ಸುನ್ನಿ-ಶಿಯಾ ಒಡಕಿನ ಮೂಲ ಇದು. ಹನಫಿಯಾಗಿದ್ದು ಮುತಜಿಲಿಯೂ ಆಗಿರಬಹುದಿತ್ತು. ಅನ್ನ ಹಾಕುವ ದೊರೆ ಯಾರು ಎಂಬುದು ಈ ಮೂರಕ್ಕೂ ಹೊರಗಿನ ಸಂಗತಿ. ಇವೆಲ್ಲದರ ಮೇಲೆ ದಾರ್ಶನಿಕ ಕಟ್ಟಿಕೊಂಡ ಅರಿಸ್ಟಾಟಲನ ಮಹಡಿ ಬೇರೆ.

ಇಬ್ನ್ ಸೀನಾನ ‘ಶಿಫಾ’ ಎಂಬ ಬೃಹತ್ ಗ್ರಂಥದ ಕೊನೆಯಲ್ಲಿ, ಖಲೀಫನನ್ನು ಆರಿಸುವುದು ಹೇಗೆ ಎಂಬ ಪುಟ್ಟ ಚರ್ಚೆ ಬರುತ್ತದೆ. ಹಿಂದಿನವನೇ ಮುಂದಿನವನನ್ನು ಸ್ಪಷ್ಟವಾಗಿ ಹೆಸರಿಸುವುದು ಹೆಚ್ಚು ಸರಿ, ಏಕೆಂದರೆ ಅದರಿಂದ ಒಡಕು, ಕಲಹ ಹುಟ್ಟುವುದಿಲ್ಲ ಎನ್ನುತ್ತಾನೆ. ಹೆಸರಿಸುವುದಕ್ಕೆ ಅವನು ಬಳಸುವ ಪದ ‘ನಸ್’. ಶಿಯಾಗಳ ಪಾಲಿಗೆ ಇದು ಮಂತ್ರದಂಥ ಪದ. ಪ್ರವಾದಿ ಅಲಿಯನ್ನು ನಸ್ ಮೂಲಕ ನೇಮಿಸಿದರು ಎಂಬುದೇ ಅವರ ಮತದ ಬುನಾದಿ. ಸಿಕ್ಕಿಬಿದ್ದ ಎಂದು ಶಿಯಾ ಓದುಗ ಕುಣಿಯುವಷ್ಟರಲ್ಲಿ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು ಬರುತ್ತದೆ. ಇಬ್ಬರು ಅರ್ಹರಿದ್ದು, ಒಬ್ಬ ಹೆಚ್ಚು ವಿವೇಕಿ, ಇನ್ನೊಬ್ಬ ಹೆಚ್ಚು ಶಾಸ್ತ್ರ ಬಲ್ಲವನಾದರೆ, ಬಲ್ಲವನು ವಿವೇಕಿಗೆ ನೆರವಾಗಬೇಕು, ವಿವೇಕಿ ಬಲ್ಲವನ ಸಲಹೆ ಕೇಳಬೇಕು, ಉಮರ್ ಮತ್ತು ಅಲಿ ಮಾಡಿದಂತೆ. ಎರಡನೆಯ ಖಲೀಫನಾಗಿ ಉಮರ್ ಆಳಿದ್ದು, ಅಲಿ ನೆರವಾದದ್ದು ಸರಿಯಾದ ಏರ್ಪಾಡು ಎಂದು ಯಾವ ಶಿಯಾ ಪಂಡಿತ ಬರೆದಾನು? ನಸ್ ಮೇಲು ಎಂದು ಎಷ್ಟು ಜನ ಸುನ್ನಿ ಪಂಡಿತರು ಒಪ್ಪಿಯಾರು? ಎರಡು ಮಾತುಗಳ ನಡುವೆ ಇರುವುದು ಕೆಲವೇ ಸಾಲು. ಬರೆದವನ ತಲೆಯಲ್ಲಿದ್ದದ್ದು ರಾಜ್ಯ ಒಡೆಯದಂತೆ ಅಧಿಕಾರ ಕೈಬದಲಾಗುವುದು ಹೇಗೆ ಎಂಬ ಲೆಕ್ಕಾಚಾರ. ಒಂದು ಶಬ್ದವನ್ನು ಅಲ್ಲಿಂದ, ಒಂದು ಉದಾಹರಣೆಯನ್ನು ಇಲ್ಲಿಂದ ಎತ್ತಿಕೊಂಡು ಬರೆದಿದ್ದಾನೆ.

ಅವನು ಹಮದಾನ್‌ನಲ್ಲಿ ವಜೀರನಾಗಿದ್ದದ್ದು ಬೂಯಿದ್ ದೊರೆಗಳ ಕೈಕೆಳಗೆ, ಅವರು ಶಿಯಾಗಳು. ಅವನು ತಪ್ಪಿಸಿಕೊಂಡು ತಿರುಗಿದ್ದು ಸುನ್ನಿ ಹುರುಪಿನ ಘಜನಿ ಮಹಮೂದನ ಕೈಯಿಂದ. ಇದನ್ನೂ ಸಾಕ್ಷಿಯಾಗಿ ತರುವವರಿದ್ದಾರೆ. ಆಶ್ರಯದಾತನ ಪಂಗಡವನ್ನು ಆಶ್ರಿತನಿಗೆ ಅಂಟಿಸುವುದಾದರೆ ಅದೇ ಬೂಯಿದರ ನೆರಳಿನಲ್ಲಿ ಬಾಗ್ದಾದಿನಲ್ಲಿ ಬಾಳಿದ ಕ್ರೈಸ್ತ ತಾರ್ಕಿಕರನ್ನೂ ಶಿಯಾ ಎನ್ನಬೇಕಾದೀತು.

ಫಾರಾಬಿಯ (ಮರಣ 950) ವಿಷಯ ಇನ್ನೂ ತೆಳುವಾದ ನೆಲ. ಅವನಿಗೆ ತರ್ಕ ಕಲಿಸಿದ ಯೂಹನ್ನಾ ಕ್ರೈಸ್ತ, ಅವನಿಂದ ಕಲಿತವರಲ್ಲಿ ಹೆಸರಾದ ಯಹ್ಯಾ ಇಬ್ನ್ ಅದಿಯೂ ಕ್ರೈಸ್ತ. ಕೊನೆಗಾಲದಲ್ಲಿ ಅಲೆಪ್ಪೊದ ಶಿಯಾ ದೊರೆ ಸೈಫುದ್ದೌಲನ ಆಶ್ರಯ ಸಿಕ್ಕಿತೆಂಬುದೇ ಅವನನ್ನು ಶಿಯಾ ಎನ್ನುವವರ ಮುಖ್ಯ ಸಾಕ್ಷಿ. ಇನ್ನೊಂದು ಸಾಕ್ಷಿ, ಅವನ ಆದರ್ಶ ನಗರದ ಅಧಿಪತಿ. ಆ ಅಧಿಪತಿಗೆ ಹುಟ್ಟಿನಿಂದಲೇ 12 ಗುಣಗಳಿರಬೇಕು. ಬೇರೊಂದು ಕಡೆ ‘ತತ್ತ್ವಜ್ಞಾನಿ, ಶಾಸನಕರ್ತ, ದೊರೆ, ಇಮಾಮ್ ಇವೆಲ್ಲ ಒಂದೇ ಅರ್ಥದ ಮಾತುಗಳು’ ಎಂದೂ ಬರೆಯುತ್ತಾನೆ. 12 ಎಂಬ ಸಂಖ್ಯೆ, ಇಮಾಮ್ ಎಂಬ ಶಬ್ದ, ಹನ್ನೆರಡು ಇಮಾಮರನ್ನು, ಅಂದರೆ ಅಲಿಯಿಂದ ಮೊದಲಾದ ಧರ್ಮನಾಯಕರನ್ನು, ನಂಬುವ ಶಿಯಾಗಳಿಗೆ ಇನ್ನೇನು ಬೇಕು! ಆದರೆ ಆ ಗುಣಗಳೆಲ್ಲ ಒಬ್ಬನಲ್ಲಿ ಸಿಗದಿದ್ದರೆ ಹಲವರು ಸೇರಿ ಆಳಬಹುದು ಎಂದೂ ಅವನೇ ಹೇಳುತ್ತಾನೆ. ಸಮಿತಿಯ ಇಮಾಮತ್ವವನ್ನು ಯಾವ ಶಿಯಾ ಮತವೂ ಒಪ್ಪುವುದಿಲ್ಲ. ಇನ್ನೊಂದು ಸಂಗತಿ: ಹನ್ನೆರಡನೆಯ ಇಮಾಮರ ದೀರ್ಘ ಮರೆವಾಸ, ಅಂದರೆ ಜನರ ಕಣ್ಣಿಗೆ ಬೀಳದೆ ಇರುವ ಕಾಲ, ಆರಂಭವಾಯಿತೆಂದು ಶಿಯಾಗಳು ನಂಬುವುದು 941ರಿಂದ. ಫಾರಾಬಿ ಬಾಗ್ದಾದ್ ಬಿಟ್ಟು ಸಿರಿಯಾಕ್ಕೆ ಹೊರಟಿದ್ದು 942ರಲ್ಲಿ. ಅವನು ಬದುಕಿನ ಬಹುಪಾಲು ಬರೆದು ಮುಗಿಸಿದ ಹೊತ್ತಿಗೆ, ಇಂದು ಅವನಿಗೆ ಹಚ್ಚುತ್ತಿರುವ ಚೀಟಿಯ ಶಾಯಿಯೇ ಇನ್ನೂ ಒಣಗಿರಲಿಲ್ಲ.

ಫಾರಾಬಿಯ ಪ್ರಕಾರ ತತ್ತ್ವಜ್ಞಾನ ಸತ್ಯವನ್ನು ಪ್ರಮಾಣದಿಂದ ಅರಿಯುತ್ತದೆ; ಧರ್ಮ ಅದೇ ಸತ್ಯವನ್ನು ಜನರಿಗೆ ಚಿತ್ರಗಳಲ್ಲಿ, ಉಪಮೆಗಳಲ್ಲಿ ತೋರಿಸುತ್ತದೆ. ಜನಾಂಗ ಬೇರೆಯಾದಂತೆ ಚಿತ್ರಗಳೂ ಬೇರೆ. ಹೀಗೆ ತಿಳಿದವನಿಗೆ ಪಂಗಡಗಳ ವ್ಯಾಜ್ಯ ಚಿತ್ರಗಳ ನಡುವಿನ ವ್ಯಾಜ್ಯ. ಸಂಪ್ರದಾಯಸ್ಥರಿಗೆ ಅವನ ಪಂಗಡಕ್ಕಿಂತ ಈ ಮಾತೇ ಹೆಚ್ಚು ಕಿರಿಕಿರಿ ಮಾಡಿರಬೇಕು.

ಹಾಗಂತ ಪಂಗಡ ಬರೀ ಹೆಸರಿಗಷ್ಟೇ ಇತ್ತೆಂದು ಯಾರಾದರೂ ಅಂದರೆ ನಸೀರುದ್ದೀನ್ ತೂಸಿಯ (1201–1274) ಕಡೆ ಬೆರಳು ತೋರಿಸಬೇಕು. ಹುಟ್ಟಿದ್ದು ಹನ್ನೆರಡು ಇಮಾಮರ ಶಿಯಾ ಮನೆಯಲ್ಲಿ. ಪ್ರಾಯದಲ್ಲಿ ಸೇರಿದ್ದು ಇಸ್ಮಾಯಿಲಿಗಳ ಕೋಟೆಗಳಿಗೆ, ಮೊದಲು ಕುಹಿಸ್ತಾನ್, ಆಮೇಲೆ ಅಲಮೂತ್. ಅಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದ, ತನ್ನ ದೊಡ್ಡ ಕೃತಿಗಳಲ್ಲಿ ಹಲವನ್ನು ಅಲ್ಲಿಯೇ ಬರೆದ. ‘ಅಖ್ಲಾಕೆ ನಾಸಿರಿ’ ಎಂಬ ನೀತಿಗ್ರಂಥದ ಹೆಸರಿನಲ್ಲಿರುವ ನಾಸಿರ್ ಅವನಿಗೆ ಆಶ್ರಯ ಕೊಟ್ಟ ಇಸ್ಮಾಯಿಲಿ ಅಧಿಕಾರಿ. 1256ರಲ್ಲಿ ಮಂಗೋಲರ ಹುಲಗು ಕೋಟೆಗಳನ್ನು ಮುರಿದ. ತೂಸಿ ಹುಲಗುವಿನ ಸಲಹೆಗಾರನಾದ. 1258ರಲ್ಲಿ ಬಾಗ್ದಾದ್ ಬಿತ್ತು, ಸುನ್ನಿ ಖಲೀಫ ಸತ್ತ. ಅದರ ಮರುವರ್ಷ ಮರಾಘಾದಲ್ಲಿ ತೂಸಿಗಾಗಿ ವೀಕ್ಷಣಾಲಯ ಎದ್ದಿತು. ಈಗ ಅವನು ಹಳೆಯ ನೀತಿಗ್ರಂಥಕ್ಕೆ ಹೊಸ ಮುನ್ನುಡಿ ಬರೆದ: ಆಗ ಬರೆದ ಹೊಗಳಿಕೆಯೆಲ್ಲ ಪ್ರಾಣ, ಮಾನ ಉಳಿಸಿಕೊಳ್ಳಲು ಬರೆದದ್ದು, ಆ ಪಂಥ ನನ್ನದಲ್ಲ. ‘ತಜ್ರೀದ್’ ಎಂಬ ಮತಮೀಮಾಂಸೆಯಲ್ಲಿ ಹನ್ನೆರಡು ಇಮಾಮರ ಮತವನ್ನು ನೇರವಾಗಿ ಪ್ರತಿಪಾದಿಸಿದ.

ಯಾವ ತೂಸಿ ನಿಜ? ಇಸ್ಮಾಯಿಲಿಗಳ ನಡುವೆ ಇದ್ದಾಗ ಅವನ ಹೆಸರಿನಲ್ಲಿ ಬಂದ ಬರಹಗಳಲ್ಲಿ ಆ ಮತದ ಬಗ್ಗೆ ಬಿಸಿಯಾದ ನಂಬಿಕೆಯಿದೆ. ಬಂದಿ ಬರೆದ ಒಣ ಹೊಗಳಿಕೆಯಂತೆ ಅವು ಓದಿಸಿಕೊಳ್ಳುವುದಿಲ್ಲ. ಇನ್ನೊಂದು ಕಡೆ, ಅದೇ ಕೋಟೆಗಳ ಕಾಲದಲ್ಲಿ ಇಬ್ನ್ ಸೀನಾನ ‘ಇಶಾರಾತ್’ ಗ್ರಂಥಕ್ಕೆ ಬರೆದ ವ್ಯಾಖ್ಯಾನದ ಕೊನೆಯಲ್ಲಿ ಅವನು ತನ್ನ ಕಷ್ಟ ತೋಡಿಕೊಂಡು ಒಂದು ಪರ್ಷಿಯನ್ ದ್ವಿಪದಿ ಇಟ್ಟಿದ್ದಾನೆ: ಸುತ್ತ ಎಲ್ಲಿ ನೋಡಿದರೂ ಕೇಡೇ ಉಂಗುರ, ಅದರೊಳಗಿನ ಹರಳು ನಾನು. ಗೆದ್ದವರ ಕಾಲದಲ್ಲಿ ಬರೆದ ಮುನ್ನುಡಿಯನ್ನು ಪೂರ್ತಿ ನಂಬುವುದು ಕಷ್ಟ. ಈ ಉಂಗುರದ ಸಾಲನ್ನು ನಂಬದಿರುವುದೂ ಕಷ್ಟ. ಮನುಷ್ಯ ಮೂವತ್ತರಲ್ಲಿ ನಂಬಿದ್ದನ್ನು ಐವತ್ತೈದರಲ್ಲಿ ನಂಬದೆ ಇರಬಹುದು ಎಂಬ ಸಾಮಾನ್ಯ ಮಾತಿಗೆ ಈ ಚರ್ಚೆಯಲ್ಲಿ ಯಾರೂ ಜಾಗ ಕೊಡುವುದಿಲ್ಲ. ಇಬ್ನ್ ತೈಮಿಯಾನ ಶಿಷ್ಯ ಇಬ್ನ್ ಅಲ್-ಕಯ್ಯಿಮ್ ಅಂತೂ ‘ನಸೀರುದ್ದೀನ್’, ಅಂದರೆ ಧರ್ಮದ ನೆರವಿಗ ಎಂಬ ಹೆಸರನ್ನೇ ತಿರುಚಿ, ಬಹುದೇವೋಪಾಸನೆ ಮತ್ತು ನಾಸ್ತಿಕತೆಯ ನೆರವಿಗ ಎಂದು ಕರೆದ. ಇರಾನಿನಲ್ಲಿ ಇಂದು ಅದೇ ತೂಸಿಯ ಹೆಸರಿನಲ್ಲಿ ಎಂಜಿನಿಯರುಗಳ ದಿನ.

ತೂಸಿಯ ಮರಾಘಾದಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಕಾತಿಬಿ ಎಂಬ ತಾರ್ಕಿಕನೊಬ್ಬನಿದ್ದ, ಸುನ್ನಿ, ಶಾಫಿ ಪಂಥದವನು. ಮುಂದೆ ಶಿಯಾ ಮತದ ಮಹಾಪಂಡಿತನಾದ ಹಿಲ್ಲಿ ತೂಸಿಯ ಹತ್ತಿರವೂ ಕಲಿತ, ಕಾತಿಬಿಯ ಹತ್ತಿರವೂ ಕಲಿತ, ಕಾತಿಬಿಯ ತರ್ಕಗ್ರಂಥಕ್ಕೆ ವ್ಯಾಖ್ಯಾನವನ್ನೂ ಬರೆದ. ತೂಸಿಯ ‘ತಜ್ರೀದ್’ಗೆ ಸಮರ್ಕಂದದಿಂದ ಇಸ್ತಾಂಬುಲ್‌ಗೆ ಹೋದ ಸುನ್ನಿ ವಿದ್ವಾಂಸ ಅಲಿ ಕುಶ್ಜಿ (ಮರಣ 1474) ವ್ಯಾಖ್ಯಾನ ಬರೆದ, ಇಮಾಮತ್ವದ ಅಧ್ಯಾಯ ಬಂದಾಗ ತೂಸಿಗೆ ಎದುರುತ್ತರ ಕೊಟ್ಟ, ಉಳಿದ ಕಡೆ ತಾಳ್ಮೆಯಿಂದ ವಿವರಿಸಿದ. ಕಟ್ಟಾ ಸುನ್ನಿ ಆಟೊಮನ್ ಸಾಮ್ರಾಜ್ಯದಲ್ಲಿ ಮದರಸಾಗಳ ಒಂದು ದರ್ಜೆಗೇ ‘ತಜ್ರೀದ್ ಟಿಪ್ಪಣಿಯ ಮದರಸಾ’ ಎಂಬ ಹೆಸರಿತ್ತು. ಪಂಗಡ ಗೊತ್ತಿರಲಿಲ್ಲವೆಂದಲ್ಲ. ಯಾವ ಅಧ್ಯಾಯದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ಯಾವುದರಲ್ಲಿ ಇಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಸತ್ತವರಿಗೆ ಪಂಗಡ ಹಂಚುವ ಕೆಲಸ ಭರದಿಂದ ನಡೆದದ್ದು 1501ರ ನಂತರ. ಆ ವರ್ಷ ಇರಾನಿನ ಸಫವಿ ದೊರೆ ಶಾ ಇಸ್ಮಾಯಿಲ್ ತಬ್ರೀಜ್‌ನಲ್ಲಿ ಶಿಯಾ ಮತವೇ ರಾಜ್ಯದ ಮತವೆಂದು ಸಾರಿದ. ಇರಾನಿನ ಬಹುಜನ ಆಗ ಸುನ್ನಿಗಳು. ಬದುಕಿದ್ದವರನ್ನು ಮತಾಂತರಿಸಬಹುದು, ಆ ನೆಲ ಹೆಮ್ಮೆಪಡುವ ಕವಿಗಳು, ದಾರ್ಶನಿಕರು ಸತ್ತು ಶತಮಾನಗಳಾಗಿವೆ, ಅವರನ್ನು ಏನು ಮಾಡುವುದು? ನೂರುಲ್ಲಾ ಶುಷ್ತರಿ (1549–1610) ಎಂಬ ವಿದ್ವಾಂಸ ಇದಕ್ಕೆ ದೊಡ್ಡ ಉತ್ತರ ಬರೆದ, ಅದೂ ಹಿಂದುಸ್ತಾನದಲ್ಲಿ ಕುಳಿತು. ಅಕ್ಬರನ ಕಾಲದಲ್ಲಿ ಲಾಹೋರಿನ ಖಾಜಿಯಾಗಿದ್ದ ಅವನು ‘ಮಜಾಲಿಸುಲ್ ಮೂಮಿನೀನ್’ ಎಂಬ ಚರಿತ್ರಕೋಶದಲ್ಲಿ ಎಷ್ಟೆಷ್ಟೋ ಹೆಸರಾಂತ ಹಿರಿಯರನ್ನು ಶಿಯಾಗಳೆಂದು ದಾಖಲಿಸಿದ. ಇಬ್ನ್ ಸೀನಾನೂ ಅದರಲ್ಲಿದ್ದಾನೆ. ಆ ಉತ್ಸಾಹಕ್ಕೆ ಅವನಿಗೆ ಸಿಕ್ಕ ಅಡ್ಡಹೆಸರು ‘ಶಿಯಾ-ತರಾಶ್’, ಶಿಯಾಗಳನ್ನು ಕೆತ್ತುವವನು. ಅವನ ಉಳಿ ತಕಿಯಾ, ಅಂದರೆ ಅಪಾಯದಲ್ಲಿ ನಂಬಿಕೆಯನ್ನು ಮರೆಮಾಚಲು ಶಿಯಾ ಮತ ಕೊಡುವ ಅನುಮತಿ. ಸುನ್ನಿಯಂತೆ ಬರೆದಿದ್ದಾನೆಯೇ? ಭಯದಿಂದ ಬರೆದ. ಸುನ್ನಿಯಂತೆ ನಮಾಜು ಮಾಡಿದನೇ? ಮರೆಮಾಚಿದ. ಈ ಉಳಿ ಕೈಯಲ್ಲಿದ್ದರೆ ಯಾವ ಕಲ್ಲಿನಲ್ಲಿ ಬೇಕಾದರೂ ಬೇಕಾದ ಮೂರ್ತಿ ಕೆತ್ತಬಹುದು. ಅವನನ್ನು ನೋಡಿ ನಗುವಂತಿಲ್ಲ: ಅವನು ಸುನ್ನಿ ರಾಜ್ಯದಲ್ಲಿ ಖಾಜಿಯಾಗಿದ್ದ ಶಿಯಾ, ಮರೆಮಾಚುವಿಕೆಯ ಬೆಲೆ ಸ್ವಂತ ಬಾಳಿನಲ್ಲಿ ಬಲ್ಲವನು. 1610ರಲ್ಲಿ ಜಹಾಂಗೀರನ ಕಾಲದಲ್ಲಿ ಅವನನ್ನು ಹೊಡೆದು ಕೊಂದರು. ಸಮಾಧಿ ಆಗ್ರಾದಲ್ಲಿದೆ.

ಶುಷ್ತರಿ ಕೆತ್ತಿದವರಲ್ಲಿ ಶಿರಾಜ್‌ನ ಜಲಾಲುದ್ದೀನ್ ದವಾನಿಯೂ (ಮರಣ 1502ರ ಸುಮಾರು) ಒಬ್ಬ. ಇವನ ಕಥೆಗೆ ನಮ್ಮ ಬೀದರಿನ ಕೊಂಡಿಯಿದೆ. ದವಾನಿ ಶಾಫಿ ಪಂಥದ ಸುನ್ನಿ, ಫಾರ್ಸ್ ಪ್ರಾಂತದ ಖಾಜಿ. ಕೊನೆಗಾಲದಲ್ಲಿ ಶಿಯಾ ಆದನೆಂದು ಸೂಚಿಸುವ ಪುಟ್ಟ ಬರಹವೊಂದು ಅವನ ಹೆಸರಿನಲ್ಲಿ ಓಡಾಡುತ್ತದೆ. ಅದು ಅವನದೇ ಹೌದೇ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಈ ದವಾನಿ ಹಿಂದಿನ ದಾರ್ಶನಿಕ ಸುಹ್ರವರ್ದಿಯ ಕೃತಿಯೊಂದಕ್ಕೆ ಬರೆದ ವ್ಯಾಖ್ಯಾನವನ್ನು ಅರ್ಪಿಸಿದ್ದು ಬಹಮನಿ ವಜೀರ ಮಹಮೂದ್ ಗಾವಾನನಿಗೆ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಗಾವಾನ್, ಪರ್ಷಿಯಾದ ದೊಡ್ಡ ವಿದ್ವಾಂಸರಿಗೆ ಪತ್ರ ಬರೆದು ದಖ್ಖನ್ನಿಗೆ ಕರೆಯುತ್ತಿದ್ದವನು. ಔರಂಗಜೇಬನ ಕಾಲದ ಸಿಡಿಮದ್ದಿನ ಸ್ಫೋಟದಲ್ಲಿ ಅರ್ಧ ಕುಸಿದ ಆ ಕಟ್ಟಡದ ಮುಂದೆ ಇಂದು ನಿಂತರೆ, ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ತುಣುಕುಗಳು ಅಲ್ಲಲ್ಲಿ ಕಾಣುತ್ತವೆ.

ಬಹಮನಿಗಳ ನಂತರ ವಿಜಯಪುರದಲ್ಲಿ ಆದಿಲಶಾಹಿಗಳು ಮಾಡಿದ್ದು ಇನ್ನೂ ಸ್ವಾರಸ್ಯ. ಯೂಸುಫ್ ಆದಿಲ್ ಶಾ ಹದಿನಾರನೆಯ ಶತಮಾನದ ಆರಂಭದಲ್ಲೇ ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಲ್ಲಿ ಹನ್ನೆರಡು ಇಮಾಮರ ಹೆಸರು ಓದಿಸಿದ. ಒಂದನೆಯ ಇಬ್ರಾಹಿಂ ಸುನ್ನಿ ಪದ್ಧತಿಗೆ ಮರಳಿಸಿದ. ಅವನ ಮಗ ಒಂದನೆಯ ಅಲಿ ಮತ್ತೆ ಶಿಯಾ. 1580ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂನ ಕಾಲದಲ್ಲಿ ಮತ್ತೆ ಸುನ್ನಿ. ಒಂದೇ ಮಸೀದಿಯಲ್ಲಿ, ಒಂದೇ ಮನೆತನದ ಹೆಸರಿನಲ್ಲಿ, ಎಂಬತ್ತು ವರ್ಷದೊಳಗೆ ಇಷ್ಟು ಮಗ್ಗುಲು. ಆ ಆಸ್ಥಾನದಲ್ಲಿದ್ದ ಪಂಡಿತನೊಬ್ಬನ ಪಂಗಡವನ್ನು ಅವನ ದೊರೆಯಿಂದ ಊಹಿಸಹೊರಟರೆ ಯಾವ ವರ್ಷ ಎಂದು ಮೊದಲು ಕೇಳಬೇಕು.

ಒಂದನೆಯ ಅಲಿಯ ಆಸ್ಥಾನದಲ್ಲಿ ಫತ್ಹುಲ್ಲಾ ಶಿರಾಜಿ ಎಂಬ ಶಿಯಾ ದಾರ್ಶನಿಕನಿದ್ದ, ಯಂತ್ರವಿದ್ಯೆಯಲ್ಲೂ ಕೈಯಿದ್ದವನು. 1583ರಲ್ಲಿ ಅಕ್ಬರ್ ಅವನನ್ನು ಉತ್ತರಕ್ಕೆ ಕರೆಸಿಕೊಂಡ. ಅಕ್ಬರನ ದರ್ಬಾರಿನಲ್ಲಿ ಎಲ್ಲರೆದುರು ಅವನು ಶಿಯಾ ರೀತಿಯಲ್ಲೇ ನಮಾಜು ಮಾಡುತ್ತಿದ್ದನೆಂದು ಅವನನ್ನು ಸಹಿಸದ ಇತಿಹಾಸಕಾರ ಬದಾಯುನಿಯೇ ಬರೆದಿ‌ದ್ದಾನೆ. ಸುನ್ನಿ ದವಾನಿಯ ಪುಸ್ತಕಗಳನ್ನೂ ದವಾನಿಯ ಎದುರಾಳಿಗಳ ಪುಸ್ತಕಗಳನ್ನೂ ಹಿಂದುಸ್ತಾನದ ಪಾಠಪಟ್ಟಿಗೆ ತಂದವನು ಇವನೇ. ಹದಿನೆಂಟನೆಯ ಶತಮಾನದಲ್ಲಿ ಲಖನೌದ ಫರಂಗಿ ಮಹಲಿನ ಹನಫಿ ಪಂಡಿತ ಮುಲ್ಲಾ ನಿಜಾಮುದ್ದೀನ್ ಕಟ್ಟಿದ ‘ದರ್ಸೆ ನಿಜಾಮಿ’ ಎಂಬ ಪಾಠಕ್ರಮ ಈ ಪರಂಪರೆಯಿಂದ ಬೆಳೆದದ್ದು. ಭಾರತದ ಸುನ್ನಿ ಮದರಸಾಗಳು ತಲೆಮಾರುಗಳ ಕಾಲ ನಡೆದದ್ದು ಅದರ ಮೇಲೆ. ಅದರಲ್ಲಿ ತತ್ತ್ವಜ್ಞಾನದ ಮೇಲ್ತರಗತಿಗೆ ಇದ್ದ ಪುಸ್ತಕ, ಹದಿಮೂರನೆಯ ಶತಮಾನದ ಸುನ್ನಿ ಅಬ್ಹರಿಯ ಪಠ್ಯಕ್ಕೆ ಹದಿನೇಳನೆಯ ಶತಮಾನದ ಶಿಯಾ ಮುಲ್ಲಾ ಸದ್ರಾ ಬರೆದ ವ್ಯಾಖ್ಯಾನ. ವಿದ್ಯಾರ್ಥಿಗಳು ಪೂರ್ತಿ ಹೆಸರು ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ‘ಸದ್ರಾ’ ಓದುತ್ತಿದ್ದೇನೆ ಎನ್ನುತ್ತಿದ್ದರು.